ತೂಕ ಕೇಳದೆ ಹಲಗೆ ಕೊಡಬೇಡಿ

ನಾನು ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೆ ಸರಿಯಾದ ಹೆಸರೇ ಇರಲಿಲ್ಲ. ಚಿನ್ನದ ಗಣಿಯ ಹಾಜರಿ ಪುಸ್ತಕದಲ್ಲಿ ಕೊನೆಯವರೆಗೂ ‘ಬಡಗಿ, ಎರಡನೇ ದರ್ಜೆ’ ಎಂದೇ ಇತ್ತು. ನಮ್ಮೂರಿನವರು ‘ಕೆರೆ ಕಾಯೋನು’ ಎನ್ನುತ್ತಿದ್ದರು. ನಿಜವಾಗಿ ನಾನು ಮಾಡುತ್ತಿದ್ದುದು ಇಷ್ಟೇ: ಬಂದವರನ್ನು ಮೇಲಿಂದ ಕೆಳಗೆ ನೋಡುವುದು, ಗಾಳಿಯನ್ನು ಒಮ್ಮೆ ನೋಡುವುದು, ಶೆಡ್ಡಿನಲ್ಲಿ ಒರಗಿಸಿಟ್ಟ ಹಾಯಿಹಲಗೆಗಳಲ್ಲಿ ಒಂದನ್ನು ಎಳೆದು ಕೊಡುವುದು. ಹಾಯಿಹಲಗೆ ಎಂದರೆ ಬಟ್ಟೆ ಇಸ್ತ್ರಿ ಮಾಡುವ ಮೇಜಿನ ದೊಡ್ಡಪ್ಪನ ಹಾಗಿರುವ ಒಂದು ಹಲಗೆ. ಅದರ ಮೇಲೆ ಒಂದು ಕಂಬ, ಕಂಬಕ್ಕೊಂದು ಹಾಯಿ. ಮನುಷ್ಯ ಅದರ ಮೇಲೆ ನಿಂತು ಹಾಯಿ ಹಿಡಿದುಕೊಂಡರೆ ಗಾಳಿ ಅವನನ್ನು ನೀರಿನ ಮೇಲೆ ಎಳೆದೊಯ್ಯುತ್ತದೆ. ಎಳೆದೊಯ್ಯಬೇಕು. ಎಳೆಯದಿದ್ದರೆ ತಪ್ಪು ಗಾಳಿಯದಲ್ಲ, ಹಲಗೆ ಆರಿಸಿಕೊಟ್ಟವನದು.

ಈಗ ಜಲಕ್ರೀಡಾ ಕೇಂದ್ರಗಳಲ್ಲಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರ ಕೈಯಲ್ಲಿ ಕಂಪನಿಯವರು ಕೊಟ್ಟ ಪಟ್ಟಿ ಇರುತ್ತದೆಯಂತೆ. ಒಳ್ಳೆಯದು. ಆ ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದನ್ನು ನಾನಿಲ್ಲಿ ಬರೆಯುತ್ತೇನೆ.

ನನ್ನ ಊರು ಬಂಗಾರಪೇಟೆಗೆ ಮೂರು ಮೈಲಿ. ಮನೆಯಲ್ಲಿ ನಾಲ್ಕು ಹಸು, ಅವುಗಳ ಹಿಂದೆ ಓಡಾಡುವ ಅಮ್ಮ. ನಾನು ಬೆಳಗಿನ ಲೋಕಲ್ ರೈಲು ಹಿಡಿದು ಚಾಂಪಿಯನ್ ರೀಫ್ಸಿನಲ್ಲಿ ಇಳಿದು ಗಣಿಯ ಮರಗೆಲಸದ ಶಾಪಿಗೆ ಹೋಗುತ್ತಿದ್ದೆ. ಎರಕ ಹೊಯ್ಯುವ ಮುಂಚೆ ಪಂಪಿನ ಭಾಗಗಳ ಆಕಾರವನ್ನು ಮರದಲ್ಲಿ ಕೆತ್ತುವುದು ಅಲ್ಲಿ ನನ್ನ ಕೆಲಸ. ಕೂದಲೆಳೆ ಹೆಚ್ಚುಕಡಿಮೆಯಾದರೂ ಎರಕ ಹಾಳು. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಒಂದು ದಿನ ನಮ್ಮ ಮೇಸ್ತ್ರಿ ಕರೆದು, “ಲೇ ಗೋಪಾಲಪ್ಪ, ಬೇತಮಂಗಲದ ಕೆರೆತಾವ ಸಾಹೇಬ್ರ ಕ್ಲಬ್ಬೈತಲ್ಲ, ಅಲ್ಲೀಗೋಗು. ಯಾವ್ದೋ ಬಾಗ್ಲು ಮುರ್ದೋಗೈತಂತೆ” ಎಂದರು.

ನಾನು ಕೀಲು, ತಿರುಪು, ಉಳಿ ಎಲ್ಲ ಹೊತ್ತುಕೊಂಡು ಹೋದೆ. ಕ್ಲಬ್ಬಿನ ಕಾರ್ಯದರ್ಶಿ ಸಾಹೇಬರು ಹನ್ನೆರಡು ಅಡಿ ಉದ್ದದ ಬಿಳಿ ಹಲಗೆಯೊಂದನ್ನು ತೋರಿಸಿದರು. ನಾನು ಸುತ್ತ ನೋಡಿ, “ಇದರ ಚೌಕಟ್ಟು ಎಲ್ಲಿ ಸಾರ್?” ಎಂದೆ. ಹಿಂದಿನಿಂದ ಯಾರೋ ಗೊಳ್ಳೆಂದು ನಕ್ಕರು. ಅವನೇ ಸೆಲ್ವರಾಜ್. ಗಣಿಯೊಳಕ್ಕೆ ಜನರನ್ನು ಇಳಿಸುವ ಪಂಜರದ ಉಕ್ಕಿನ ಹಗ್ಗ ನೋಡಿಕೊಳ್ಳುತ್ತಿದ್ದವನು. ಹಾಯಿಗೂ ಹಗ್ಗವಿದೆ ಎಂಬ ಒಂದೇ ಕಾರಣಕ್ಕೆ ಅವನನ್ನು ಇಲ್ಲಿಗೆ ಹಾಕಿದ್ದರು.

“ಡೇಯ್ ಕಾರ್ಪೆಂಟರ್, ಇದು ಡೋರ್ ಇಲ್ಲಪ್ಪಾ,” ಎಂದ. “ಇದ್ರ ಮೇಲೆ ದೊರೆಗಳು ನಿಂತ್ಕೊಳ್ತಾರೆ. ಆಮೇಲೆ ಬೀಳ್ತಾರೆ. ನಾವು ಎತ್ತೋದು. ಅಷ್ಟೇ ಕೆಲ್ಸ.”

ಒಂದು ವಾರಕ್ಕೆಂದು ಹೋದವನು ಅಲ್ಲೇ ಉಳಿದುಬಿಟ್ಟೆ.

ಮೊದಲ ವರ್ಷಗಳಲ್ಲಿ ಹಲಗೆ ಆರಿಸುವುದೆಂದರೆ ಬಣ್ಣ ಆರಿಸುವುದು. ಎಲ್ಲವೂ ಹನ್ನೆರಡು ಅಡಿ. ಆನೆ ನಿಂತರೂ ಮುಳುಗುವಂಥವಲ್ಲ. ಆಮೇಲೆ ಪಂಪು ನೋಡಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬರು ಊರಿಗೆ ಹೋಗುವಾಗ ನಾಲ್ಕು ಗಿಡ್ಡ ಹಲಗೆಗಳನ್ನು ಬಿಟ್ಟುಹೋದರು. ಒಂಬತ್ತು ಅಡಿ, ತೆಳ್ಳಗೆ. ನಿಂತರೆ ಅರ್ಧ ಮುಳುಗುತ್ತಿದ್ದವು. ಆದರೆ ಗಾಳಿ ಸಿಕ್ಕರೆ, ನಾವು ಚಿಕ್ಕಂದಿನಲ್ಲಿ ಕೆರೆಯ ಮೇಲೆ ಚಪ್ಪಟೆ ಕಲ್ಲು ಹಾರಿಸುತ್ತಿದ್ದೆವಲ್ಲ, ಹಾಗೆ ನೀರಿನ ಮೇಲೆ ಜಾರಿಕೊಂಡು ಹೋಗುತ್ತಿದ್ದವು. ಇದನ್ನು ನೆನಪಿಟ್ಟುಕೊಳ್ಳಿ: ಹಲಗೆ ನೀರಿನಲ್ಲಿ ತೇಲುವುದು ಒಂದು ವಿದ್ಯೆ, ನೀರಿನ ಮೇಲೆ ಜಾರುವುದು ಇನ್ನೊಂದು. ವೇಗ ಇರುವುದು ಜಾರುವುದರಲ್ಲಿ. ಆದರೆ ಜಾರಲು ಶುರುಮಾಡುವ ತನಕ ತೇಲಲೇಬೇಕು.

ನಮ್ಮ ಕಾರ್ಯದರ್ಶಿ ಸಾಹೇಬರು ಇದರ ಮೊದಲ ಅರ್ಧವನ್ನು ಮಾತ್ರ ಅರ್ಥಮಾಡಿಕೊಂಡಿದ್ದರು. ಗಣಿಯ ಉಗ್ರಾಣದ ದೊಡ್ಡ ಅಧಿಕಾರಿ ಅವರು. ವಿದೇಶಿ ಪತ್ರಿಕೆಗಳ ಬಣ್ಣದ ಚಿತ್ರ ನೋಡಿ ವಿದ್ಯೆ ಕಲಿತಿದ್ದರು. ‘ಸಣ್ಣಗಿದ್ದಷ್ಟೂ ಜೋರು’ ಎನ್ನುವುದು ಅವರ ಸಿದ್ಧಾಂತ. ಯಾರೋ ನೆಂಟರ ಮೂಲಕ ಒಂದು ಸ್ಪೀಡ್ ಹಲಗೆ ತರಿಸಿದರು. ಅದು ನನ್ನ ಎದೆಗಿಂತ ಕಿರಿದು, ಮೂತಿ ಸೂಜಿಯಂತೆ. ನಾನು ಅದನ್ನು ಬೋರಲು ಹಾಕಿ ಮಟ್ಟಗೋಲು ಇಟ್ಟು ನೋಡಿದೆ. ತಳ ಹಿಂದಿನಿಂದ ಮುಕ್ಕಾಲು ಭಾಗ ಕನ್ನಡಿಯಷ್ಟು ಸಮ, ಅಂಚುಗಳು ಚೂಪು. ನೇರ ಓಡಲು ಹೇಳಿ ಮಾಡಿಸಿದ್ದು. ತಿರುಗಲು ಅಲ್ಲ.

“ಸಾರ್, ಭಾನುವಾರದ ಪಂದ್ಯ ಸ್ಲಾಲಮ್. ನೀರಲ್ಲಿ ತೇಲಿಬಿಟ್ಟ ಬೋಯೆ ಸುತ್ತಿ ಸುತ್ತಿ ಬರಬೇಕು. ಇದು ತಿರುಗೋದು ಕಷ್ಟ,” ಎಂದೆ.

“ಗೋಪಾಲಪ್ಪ, ನೀನು ಬಡಗಿ. ಹಲಗೆ ತಿರುಗೋದಲ್ಲ, ನಾನು ತಿರುಗಿಸೋದು.”

ಭಾನುವಾರ ಆಷಾಢದ ಗಾಳಿ ಕಿತ್ತುಕೊಂಡು ಬರುತ್ತಿತ್ತು. ಸಾಹೇಬರು ಹೊರಟ ರಭಸಕ್ಕೆ ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮೊದಲ ಬೋಯೆ ಬಂತು, ಹೋಯಿತು. ಸಾಹೇಬರು ಬಗ್ಗಿದರು, ಕಾಲು ಒತ್ತಿದರು, ಏನೇನೋ ಕೂಗಿದರು. ಹಲಗೆ ನೇರವಾಗಿ ಕೆರೆಯ ಆಚೆ ಬದಿಯ ಜೊಂಡಿಗೆ ನುಗ್ಗಿತು. ಅಲ್ಲಿ ಎಮ್ಮೆ ತೊಳೆಯುತ್ತಿದ್ದ ಮುದುಕಿಯೊಬ್ಬಳು, “ಯಾವೂರಪ್ಪ ನಿಂದು? ಬಸ್ಸು ಆ ಕಡೆ ನಿಲ್ತದೆ” ಎಂದಳಂತೆ. ಇದನ್ನು ಸಾಹೇಬರು ಯಾರಿಗೂ ಹೇಳಲಿಲ್ಲ. ಅವರನ್ನು ಕರೆತರಲು ದೋಣಿಯಲ್ಲಿ ಹೋದ ಸೆಲ್ವರಾಜ್ ಎಲ್ಲರಿಗೂ ಹೇಳಿದ.

ಆಮೇಲೆ ನಾವಿಬ್ಬರೂ ಸೇರಿ ಗಿಡ್ಡ ಹಲಗೆಗಳ ಜಾತಕ ಬರೆಯಲು ಕುಳಿತೆವು. ಯಾವುದು ಎಷ್ಟು ಲೀಟರಿನದು, ಅಂದರೆ ಮುಳುಗದೆ ಎಷ್ಟು ಕಿಲೋ ಹೊರುತ್ತದೆ ಎಂಬ ಚೀಟಿ ಎಲ್ಲದರಲ್ಲೂ ಉದುರಿಹೋಗಿತ್ತು. ಹಲಗೆಯನ್ನು ದಡದ ತಿಳಿನೀರಿಗೆ ಬಿಟ್ಟು, ಅದರ ಬೆನ್ನು ನೀರಿಗೆ ಸಮವಾಗುವ ತನಕ ತೂಕ ಮಾಡಿದ ಮರಳಿನ ಚೀಲ ಹೇರಿದೆವು. ಚೀಲಗಳ ತೂಕಕ್ಕೆ ಹಲಗೆಯ ತೂಕ ಸೇರಿಸಿದರೆ ಅದೇ ಅದರ ಲೀಟರು. ನಾಲ್ಕರಲ್ಲಿ ಕೆಂಪು ಬಣ್ಣದ ಹಲಗೆ ನೂರೆಂಟು ಬಂತು. ಉಳಿದವಕ್ಕೂ ಬೆನ್ನ ಮೇಲೆ ಅಂಕಿ ಬರೆದೆ.

ಇನ್ನು ಮನುಷ್ಯರ ಜಾತಕ. ಅಲ್ಲೇ ತೊಂದರೆ. ತೂಕ ಕೇಳಿದರೆ ದೊಡ್ಡ ಮನುಷ್ಯರೆಲ್ಲ ಸುಳ್ಳು ಹೇಳುತ್ತಾರೆ. ಎಪ್ಪತ್ತು ಎಂದವರು ಮುಳುಗುತ್ತಿದ್ದರು. ಕಡೆಗೆ ಬಂಗಾರಪೇಟೆ ಮಾರುಕಟ್ಟೆಯಲ್ಲಿ ಆಲೂಗಡ್ಡೆ ತೂಗಿ ಹಳೆಯದಾಗಿದ್ದ ತೂಕದ ಯಂತ್ರವೊಂದನ್ನು ತಂದು ಶೆಡ್ಡಿನ ಬಾಗಿಲಲ್ಲೇ ಇಟ್ಟೆ. ಹಲಗೆ ಬೇಕಾದವರು ಅದರ ಮೇಲೆ ನಿಂತು ಬರಬೇಕು.

“ನಮ್ಮ ಸದಸ್ಯರು ತರಕಾರಿ ಅಲ್ಲ” ಎಂದು ಕಾರ್ಯದರ್ಶಿಗಳು ಹಾರಾಡಿದರು. ಆದರೂ ಯಾರೂ ನೋಡದಾಗ ತಾವೂ ನಿಂತು ನೋಡಿದರು. ಎಂಬತ್ತನಾಲ್ಕು. ಮರುದಿನ ಆ ಯಂತ್ರ ಸುಳ್ಳು ತೋರಿಸುತ್ತದೆ ಎಂದು ನೋಟಿಸು ಹಾಕಿಸಿದರು.

ಇಲ್ಲಿಯವರೆಗೆ ನಾನು ಬೇರೆಯವರ ಮೂರ್ಖತನ ಹೇಳಿದೆ. ಈಗ ನನ್ನದು.

ಗಣಿಯ ಆಸ್ಪತ್ರೆಗೆ ಡಾಕ್ಟರ್ ಶಾರದಾ ಎಂಬುವವರು ಹೊಸದಾಗಿ ಬಂದಿದ್ದರು. ನಲವತ್ತೆಂಟು ಕಿಲೋ ತೂಕ, ಐದಡಿ ಎತ್ತರ, ಭಯ ಎಂಬುದು ಗೊತ್ತಿಲ್ಲ. ಎರಡೇ ತಿಂಗಳಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿದರು. ಆ ವಾರ ಕ್ಲಬ್ಬಿಗೆ ಒಂದು ಹೊಸ ಸ್ಲಾಲಮ್ ಹಲಗೆ ಬಂದಿತ್ತು: ಅಗಲದ ಬಾಲ, ಅದರ ಕೆಳಗೆ ಮೀನಿನ ರೆಕ್ಕೆಯಂತೆ ನೀರಿಗೆ ಇಳಿದಿರುವ ಉದ್ದನೆಯ ಫಿನ್. ಹಲಗೆ ಪಕ್ಕಕ್ಕೆ ಸರಿಯದಂತೆ ಹಿಡಿಯುವುದೇ ಆ ಫಿನ್ನಿನ ಕೆಲಸ. ಭಾರಿ ಮನುಷ್ಯ, ದೊಡ್ಡ ಹಾಯಿ, ಮೆಲ್ಲನೆ ಗಾಳಿ ಇದ್ದರೆ ಅದು ದೇವರು. ನಾನು ಅದನ್ನು ಆಷಾಢದ ಗಾಳಿಯಲ್ಲಿ ನಲವತ್ತೆಂಟು ಕಿಲೋ ಹೆಂಗಸಿನ ಕೈಗೆ ಕೊಟ್ಟೆ.

ಕೆರೆಯ ನಡುವೆ ಫಿನ್ ಹಲಗೆಯನ್ನು ಮೇಲಕ್ಕೆತ್ತತೊಡಗಿತು. ಒತ್ತಿಹಿಡಿಯಲು ಅವರಲ್ಲಿ ತೂಕವಿರಲಿಲ್ಲ. ಮೂತಿ ಎದ್ದಿತು, ಗಾಳಿ ತಳಕ್ಕೆ ನುಗ್ಗಿತು, ಹಲಗೆ, ಹಾಯಿ, ಡಾಕ್ಟರು ಮೂರೂ ಒಂದು ಸುತ್ತು ಹೊಡೆದು ಬಿದ್ದವು. ನಾವು ದೋಣಿ ಹಾಕಿಕೊಂಡು ಹೋಗುವಷ್ಟರಲ್ಲಿ ಅವರು ಒಂದೇ ಕೈಯಲ್ಲಿ ಹಲಗೆ ಹಿಡಿದು ತೇಲುತ್ತಿದ್ದರು. “ಕಾಲರ್ ಬೋನ್ ಹೋಯ್ತು. ಆ ಕೈ ಮುಟ್ಟಬೇಡಿ” ಎಂದರು, ಬೇರೆ ಯಾರದೋ ಮೂಳೆಯ ವಿಷಯ ಹೇಳುವವರಂತೆ.

ಮಾರನೆಯ ದಿನ ಬಾಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಅವರು ಹಾಸಿಗೆಯಲ್ಲಿ ಕುಳಿತಿದ್ದರು.

“ಆ ಹಲಗೆ ಯಾಕೆ ಕೊಟ್ರಿ?”

“ಹೊಸದು ಬಂದಿತ್ತು ಮೇಡಂ. ನಿಮಗೆ ಒಳ್ಳೇದು ಕೊಡೋಣ ಅಂತ.”

“ಹೊಸ ಮಾತ್ರೆ ಬಂದಿದೆ ಅಂತ ನಾನು ನಿಮಗೆ ಕೊಟ್ರೆ ನುಂಗ್ತೀರಾ?”

ಆಲೂಗಡ್ಡೆ ಯಂತ್ರದ ಮೇಲೆ ಎಲ್ಲರನ್ನೂ ನಿಲ್ಲಿಸಿದವನು ಅವರನ್ನು ನಿಲ್ಲಿಸಿರಲಿಲ್ಲ. ತೆಳ್ಳಗಿದ್ದಾರೆ, ಮುಳುಗುವುದಿಲ್ಲ, ಇನ್ನೇನು ಎಂದುಕೊಂಡಿದ್ದೆ. ತೂಕ ಹೆಚ್ಚಾದರೆ ಮಾತ್ರವಲ್ಲ, ಕಡಿಮೆಯಾದರೂ ಅಪಾಯ ಎಂಬುದು ನನಗೆ ಒಬ್ಬರ ಮೂಳೆ ಮುರಿದ ಮೇಲೆ ತಿಳಿಯಿತು. ಹಣ್ಣನ್ನು ಸ್ಟೂಲಿನ ಮೇಲೆ ಇಟ್ಟು ಹೊರಗೆ ಬಂದು, ಆಸ್ಪತ್ರೆಯ ಕಾಂಪೌಂಡಿನ ಹಿಂದೆ ಸ್ವಲ್ಪ ಹೊತ್ತು ಅತ್ತೆ. ಇದನ್ನು ಸೆಲ್ವರಾಜನಿಗೂ ಹೇಳಿರಲಿಲ್ಲ.

ಡಾಕ್ಟರು ಕೈಗೆ ಜೋಳಿಗೆ ಕಟ್ಟಿಕೊಂಡೇ ಎರಡು ವಾರದಲ್ಲಿ ಕೆರೆಗೆ ಬಂದರು. ನೀರಿಗಿಳಿಯುವಂತಿಲ್ಲ. ಸುಮ್ಮನೆ ಕೂರುವ ಜೀವವೂ ಅಲ್ಲ. ಒಂದು ನೋಟ್‌ಬುಕ್ ತಂದು ಬರೆಯತೊಡಗಿದರು: ಗಾಳಿ ಎಷ್ಟು, ಮನುಷ್ಯ ಎಷ್ಟು, ಹಲಗೆ ಯಾವುದು, ಹಾಯಿ ಯಾವುದು, ಫಿನ್ ಎಷ್ಟುದ್ದ, ಕಟ್ಟೆಯಿಂದ ಬೋಯೆಗೆ ಎಷ್ಟು ಸೆಕೆಂಡು. ಮೊದಲು ನಾನು ಕಣ್ಣಂದಾಜಿನಲ್ಲಿ ಹಲಗೆ ಕೊಡುತ್ತಿದ್ದೆ. ಆ ಪುಸ್ತಕ ತುಂಬುತ್ತಾ ಬಂದಂತೆ ನನ್ನ ಕಣ್ಣಿನ ಅಂದಾಜುಗಳಲ್ಲಿ ಅರ್ಧಕ್ಕರ್ಧ ಬೊಗಳೆ ಎಂದು ಗೊತ್ತಾಯಿತು. ನಮ್ಮ ಕೆರೆಯ ಕಟ್ಟೆಯ ಮೇಲೆ ಸಾಲಾಗಿ ಮರಗಳಿವೆ. ಅವುಗಳ ಮರೆಯಲ್ಲಿ ಗಾಳಿ ಸತ್ತುಹೋಗುತ್ತದೆ. ಎಷ್ಟೇ ವೇಗದ ಹಲಗೆಯಾದರೂ ಅಲ್ಲಿ ಮುಳುಗಿದರೆ ಪಂದ್ಯ ಮುಗಿಯಿತು. ಇಂಥದ್ದನ್ನು ಹೊರದೇಶದ ಪತ್ರಿಕೆ ಹೇಳುವುದಿಲ್ಲ.

ನಾನೂ ಸೆಲ್ವರಾಜೂ ಒಂದು ಮೂತಿ ಮುರಿದ ಹನ್ನೆರಡು ಅಡಿ ಹಲಗೆಯನ್ನು ಕೊಯ್ದು ಗಿಡ್ಡ ಮಾಡಿದೆವು. ಬಾಲದ ತಳವನ್ನು ಸಮ ಮಾಡಿ, ಅಂಚು ಚೂಪು ಮಾಡಿ, ಮೇಲೆ ಫೈಬರ್ ಹೊದಿಸಿದೆ. ನೋಡಲು ಅಸಹ್ಯವಾಗಿತ್ತು, ನೂರೈವತ್ತು ಲೀಟರು ಬಂತು. ಸೆಲ್ವರಾಜ್ ಅದಕ್ಕೆ ‘ಎಮ್ಮೆ’ ಎಂದು ಹೆಸರಿಟ್ಟ. ಗಾಳಿ ಕಡಿಮೆ ಇದ್ದಾಗ ಅದನ್ನು ಮೀರಿಸುವ ಹಲಗೆ ಇಡೀ ಶೆಡ್ಡಿನಲ್ಲಿ ಇರಲಿಲ್ಲ.

ಎಮ್ಮೆಯ ಮೇಲೆ ಹತ್ತಿದವನು ಏಳುಮಲೈ. ಗಣಿಯ ಆಳದಲ್ಲಿ ಬಂಡೆ ಕುಸಿಯದಂತೆ ಮರದ ದಿಮ್ಮಿ ಆಸರೆ ಕೊಡುವ ಕೆಲಸದವನು. ಗಣಿಯ ಕೋರಮಂಡಲ್ ಕಾಲೊನಿಯ ಲೈನು ಮನೆಯಲ್ಲಿ ವಾಸ. ತೊಂಬತ್ತನಾಲ್ಕು ಕಿಲೋ. ರಜೆಯ ದಿನ ದೋಣಿ ಎಳೆಯಲು ಬರುತ್ತಿದ್ದವನು, ಯಾರೂ ಮುಟ್ಟದ ಹಲಗೆಗಳ ಮೇಲೆ ತಾನೇ ಬಿದ್ದು ಎದ್ದು ಕಲಿತ. ದಿನವಿಡೀ ಕತ್ತಲಲ್ಲಿರುವವನಿಗೆ ಬಯಲ ಗಾಳಿಯ ಹುಚ್ಚು ಹಿಡಿಯಿತು. “ಕೆಳಗೆ ಗಾಳಿ ಪೈಪಲ್ಲಿ ಬರ್ತದೆ ಸಾರ್,” ಎನ್ನುತ್ತಿದ್ದ. “ಇಲ್ಲಿ ನೋಡಿ, ಚುಮ್ಮಾ, ಬಿಟ್ಟಿ ಬರ್ತದೆ.”

ತೊಂಬತ್ತರ ದಶಕದ ನಡುವೆ ಗಣಿಯಲ್ಲಿ ಜನರನ್ನು ಕಡಿಮೆ ಮಾಡತೊಡಗಿದರು. ಏಳುಮಲೈ ಹೆಸರು ಪಟ್ಟಿಯಲ್ಲಿ ಬಂತು. ವಯಸ್ಸು ನಲವತ್ತರ ಹತ್ತಿರ, ಇಬ್ಬರು ಹೆಣ್ಣುಮಕ್ಕಳು; ದಿಮ್ಮಿ ಆಸರೆ ಕೊಡುವ ವಿದ್ಯೆಗೆ ನೆಲದ ಮೇಲೆ ಗಿರಾಕಿಯಿಲ್ಲ. ಅದೇ ಹೊತ್ತಿಗೆ ಕರಾವಳಿಯ ಜಲಕ್ರೀಡಾ ಕೇಂದ್ರವೊಂದರವರು ಒಬ್ಬ ತರಬೇತುದಾರನನ್ನು ಆರಿಸಲು ನಮ್ಮ ಕೆರೆಯಲ್ಲೇ ಸ್ಲಾಲಮ್ ಪಂದ್ಯ ಇಡುತ್ತೇವೆಂದು ತಿಳಿಸಿದರು. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು, ಎರಡೂ ಸೇರಿಸಿ ಮೊದಲು ಬಂದವನಿಗೆ ಕೆಲಸ. ಬೆಂಗಳೂರಿನಿಂದ ನಾಲ್ಕು ಜನ ಬರುವವರಿದ್ದರು.

ಕಾರ್ಯದರ್ಶಿಗಳು ಕರೆದು ಅಪ್ಪಣೆ ಮಾಡಿದರು: “ಏಳುಮಲೈ ನಮ್ಮ ಕ್ಲಬ್ಬಿನ ಪರ ಓಡ್ತಾನೆ. ಕೆಂಪು ಹಲಗೆ ಕೊಡು. ಆ ಎಮ್ಮೆ ಹೊರಗಿನವರ ಕಣ್ಣಿಗೆ ಬೀಳಬಾರದು.”

“ಸಾರ್, ಕೆಂಪು ಹೊರೋದು ನೂರೆಂಟು. ಹಲಗೆಯೇ ಎಂಟು ಕಿಲೋ, ಹಾಯಿ ಕಂಬ ಹತ್ತು, ಅವನು ತೊಂಬತ್ನಾಲ್ಕು. ನಾಲ್ಕು ಕಿಲೋ ಹೆಚ್ಚೇ ಆಯ್ತು. ಬೆಳಗಿನ ಗಾಳಿಗೆ ಮರದ ಮರೇಲಿ ಮುಳುಗ್ತಾನೆ.”

“ಕೆಂಪು,” ಎಂದರು ಸಾಹೇಬರು.

ಅವತ್ತು ಬೆಳಿಗ್ಗೆ ನಾನು ಮಾಡಿದ್ದನ್ನು ನೀವು ಮಾಡಬೇಡಿ. ಕೆಂಪು ಹಲಗೆಯ ಫಿನ್ ಹಿಡಿಯುವುದು ಒಂದು ಹಿತ್ತಾಳೆ ತಿರುಪು. ಅದರ ಸುರುಳಿಗೆರೆ ವಿದೇಶಿ ಅಳತೆಯದು, ಬಂಗಾರಪೇಟೆಯಲ್ಲಿ ಹುಡುಕಿದರೂ ಸಿಗದು. ಆ ತಿರುಪನ್ನು ಬಿಚ್ಚಿ, ಊಟದ ಡಬ್ಬಿಯಲ್ಲಿ ಅಮ್ಮ ಕಟ್ಟಿಕೊಟ್ಟ ರಾಗಿ ಮುದ್ದೆಯೊಳಗೆ ಒತ್ತಿ, ಮೇಲೆ ನುಣ್ಣಗೆ ಸವರಿಬಿಟ್ಟೆ. ಆಮೇಲೆ ಹೋಗಿ, “ಸಾರ್, ತಿರುಪು ಕಳೆದೋಗಿದೆ” ಎಂದೆ. ಸಾಹೇಬರು ಕೂಗಾಡಿದರು. ಸೆಲ್ವರಾಜ್ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದ. ಏಳುಮಲೈ ಎಮ್ಮೆಯನ್ನು ಹೊತ್ತುಕೊಂಡು ನೀರಿಗೆ ನಡೆದ.

ಬೆಂಗಳೂರಿನವರು ನಕ್ಕರು. ಗಾಳಿ ಮೆಲ್ಲಗಿತ್ತು. ಮೊದಲ ಬೋಯೆಯವರೆಗೆ ಅವರೇ ಮುಂದೆ. ಕಟ್ಟೆಯ ಮರಗಳ ಮರೆಗೆ ಬಂದಾಗ ಒಬ್ಬನ ಮೊಣಕಾಲು ಮುಳುಗಿತು, ಇನ್ನೊಬ್ಬನ ಸೊಂಟ. ಎಮ್ಮೆ ಮಾತ್ರ ತನ್ನ ಅಗಲದ ಬಾಲ ಅಲ್ಲಾಡಿಸಿಕೊಂಡು ಅವರೆಲ್ಲರ ನಡುವೆ ದಾಟಿ ಬಂತು. ಏಳುಮಲೈ ಮೊದಲನೆಯವನಾದ. ಕಾರ್ಯದರ್ಶಿಗಳು ಅತಿಥಿಗಳ ಕೈಕುಲುಕುತ್ತ, “ಹಲಗೆ ನಮ್ಮದೇ ವಿನ್ಯಾಸ” ಎನ್ನುತ್ತಿದ್ದರು.

ಊಟದ ಹೊತ್ತಿಗೆ ಗಾಳಿ ತಿರುಗಿತು. ಪಶ್ಚಿಮದಿಂದ ಕೆರೆಯ ಮೇಲೆ ಕಪ್ಪು ಗೆರೆಗಳು ಓಡಿಬಂದವು, ಶೆಡ್ಡಿನ ತಗಡು ಬಡಿದುಕೊಳ್ಳತೊಡಗಿತು. ಡಾಕ್ಟರ್ ಶಾರದಾ ನೋಟ್‌ಬುಕ್ ಹಿಡಿದು ಓಡಿಬಂದರು.

“ಗೋಪಾಲಪ್ಪ, ಈ ಗಾಳಿಗೆ ಎಮ್ಮೆ ಬೇಡ. ತೊಂಬತ್ನಾಲ್ಕು ಕಿಲೋ ಇದ್ರೂ ಅಷ್ಟು ಅಗಲದ ಹಲಗೆ ಮೇಲಕ್ಕೇಳುತ್ತೆ. ನನಗಾಗಿದ್ದು ಅವನಿಗೂ ಆಗುತ್ತೆ. ಈಗ ಕೆಂಪೇ ಬೇಕು. ಆ ಹಾಳು ತಿರುಪು ಎಲ್ಲಾದ್ರೂ ಸಿಗುತ್ತಾ ನೋಡಿ.”

ಅವರು ಹೇಳಿದ್ದು ಅಕ್ಷರಶಃ ಸರಿ. ಗಾಳಿ ಇಷ್ಟಿದ್ದರೆ ಕೆಂಪು ಹಲಗೆ ಮುಳುಗುವ ಮಾತೇ ಇಲ್ಲ, ಮರೆಯಲ್ಲೂ ಜಾರಿಕೊಂಡೇ ಹೋಗುತ್ತದೆ. ನನ್ನ ಎದುರಿಗೆ ಡಬ್ಬಿ ಇತ್ತು. ಪಕ್ಕದಲ್ಲಿ ಕಾರ್ಯದರ್ಶಿಗಳು, ಕರಾವಳಿಯಿಂದ ಬಂದ ಇಬ್ಬರು ಪರೀಕ್ಷಕರು, ಎಲ್ಲರೂ ಊಟಕ್ಕೆ ಕುಳಿತಿದ್ದರು. ತಿರುಪು ತೆಗೆದರೆ ನನ್ನ ಕೆಲಸ ಹೋಗುತ್ತದೆ. ತೆಗೆಯದಿದ್ದರೆ ಏಳುಮಲೈ ಎಮ್ಮೆಯ ಮೇಲೆ ಹೋಗುತ್ತಾನೆ. ಅವನು ಹೊರಗೆ ಹಾಯಿ ಬದಲಾಯಿಸುತ್ತ ಏನೋ ಹಾಡಿಕೊಳ್ಳುತ್ತಿದ್ದ.

“ತೆಗೀಪ್ಪಾ,” ಎಂದ ಸೆಲ್ವರಾಜ್, ತುಂಬ ಮೆಲ್ಲಗೆ.

ನಾನು ಡಬ್ಬಿ ತೆರೆದು ಎಲ್ಲರ ಮುಂದೆ ಮುದ್ದೆ ಮುರಿದೆ. ತಿರುಪು ರಾಗಿ ಮೆತ್ತಿಕೊಂಡು ಹೊರಗೆ ಬಂತು. ಲೋಟದ ನೀರಿನಲ್ಲಿ ತೊಳೆದು ಮೇಜಿನ ಮೇಲಿಟ್ಟೆ.

“ಕಳೆದಿರಲಿಲ್ಲ ಸಾರ್. ನಾನೇ ಬಚ್ಚಿಟ್ಟಿದ್ದೆ. ಈಗ ಬೇಕು.”

ಪರೀಕ್ಷಕರಲ್ಲಿ ಒಬ್ಬರು ಕೆಮ್ಮಿದರು. ಕಾರ್ಯದರ್ಶಿಗಳ ಮುಖ ಕೆಂಪು ಹಲಗೆಗಿಂತ ಕೆಂಪಾಯಿತು. “ಪಂದ್ಯ ಮುಗೀಲಿ” ಎಂದಷ್ಟೇ ಹೇಳಿದರು. ನಾನು ಓಡಿಹೋಗಿ ಕೆಂಪು ಹಲಗೆ ಬೋರಲು ಹಾಕಿದೆ. ಇದ್ದುದರಲ್ಲಿ ಗಿಡ್ಡ ಫಿನ್ ಆರಿಸಿ ತಿರುಪು ಬಿಗಿದೆ. ಏಳುಮಲೈ ನೋಡುತ್ತ ನಿಂತಿದ್ದ.

“ಸಾರ್, ನಮಗೋಸ್ಕರ ಸುಳ್ಳು ಹೇಳಿದ್ರಾ?”

“ಬೆಳಿಗ್ಗೆ ಹೇಳ್ದೆ, ಮಧ್ಯಾಹ್ನ ವಾಪಸ್ ತಗೊಂಡೆ. ಗಾಳಿ ಬಿಗಿಯಾದಾಗ ಹಿಂದಿನ ಕಾಲಿಗೆ ಭಾರ ಹಾಕ್ಬೇಡ. ಓಗು.”

ಆ ಸುತ್ತು ನಾನು ನೋಡಲಿಲ್ಲ. ಶೆಡ್ಡಿನ ಹಿಂದೆ ನಿಂತಿದ್ದೆ. ಸೆಲ್ವರಾಜ್ ಕೂಗಿ ಕೂಗಿ ವರದಿ ಕೊಡುತ್ತಿದ್ದ. ಬೆಂಗಳೂರಿನ ಹಗುರ ಹುಡುಗನೊಬ್ಬ ಮೊದಲು ಬಂದ. ಆದರೆ ಅವನು ಬೆಳಿಗ್ಗೆ ತನ್ನ ತೀರಾ ಸಣ್ಣ ಹಲಗೆಯೊಡನೆ ಮರದ ಮರೆಯಲ್ಲಿ ಸೊಂಟದವರೆಗೆ ಮುಳುಗಿ ಕೊನೆಯವನಾಗಿದ್ದ. ಏಳುಮಲೈ ಎರಡನೆಯವನು. ಎರಡೂ ಸೇರಿಸಿದಾಗ ಕೆಲಸ ಅವನದಾಯಿತು. ಅವನು ದಡಕ್ಕೆ ಬಂದವನೇ ನೀರಲ್ಲೇ ಕುಳಿತುಬಿಟ್ಟ. ಎಬ್ಬಿಸಲು ಇಬ್ಬರು ಬೇಕಾಯಿತು.

ನನಗೆ ಮೆಮೊ ಬಂತು. ಆರು ತಿಂಗಳು ಕೆರೆಯಿಂದ ಎತ್ತಿ ಶಾಪಿನಲ್ಲಿ ಕಿಟಕಿ ಚೌಕಟ್ಟು ಮಾಡಲು ಹಾಕಿದರು. ದೂರು ಹೇಳುವ ಮುಖ ನನಗಿರಲಿಲ್ಲ; ಮೇಲಿನವರಿಗೆ ಬುದ್ಧಿ ಇಲ್ಲ ಎನ್ನುವುದು ಸುಳ್ಳು ಹೇಳಲು ಪರವಾನಗಿಯಲ್ಲ. ಅವರೊಡನೆ ಇನ್ನೊಂದು ಗಂಟೆ ಜಗಳವಾಡಬೇಕಿತ್ತು, ಡಾಕ್ಟರ ನೋಟ್‌ಬುಕ್ಕನ್ನು ಪರೀಕ್ಷಕರ ಮುಂದೆಯೇ ಬಿಡಿಸಿಡಬೇಕಿತ್ತು. ಕಾರ್ಯದರ್ಶಿಗಳು ಏಳುಮಲೈಗೆ ಒಳ್ಳೆಯ ಪ್ರಮಾಣಪತ್ರ ಬರೆದುಕೊಟ್ಟರು. ಹಲಗೆಗಳ ಆಯ್ಕೆಯಲ್ಲಿ ಕ್ಲಬ್ಬಿನ ಕಾರ್ಯದರ್ಶಿಗಳ ದೂರದೃಷ್ಟಿಯ ಬಗ್ಗೆ ಅದರಲ್ಲಿ ಎರಡು ಸಾಲು ಇತ್ತು.

ಏಳುಮಲೈ ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿದ್ದೆ. ಹೆಂಡತಿ, ಮಕ್ಕಳು, ಒಂದು ಟ್ರಂಕು. ಅವನು ಸಮುದ್ರವನ್ನು ನೋಡಿಯೇ ಇರಲಿಲ್ಲ.

“ಸಾರ್, ಅಲ್ಲಿ ಅಲೆ ಇರ್ತದಂತೆ. ಅಲೆಗೆ ಎಂಥ ಹಲಗೆ ಹಾಕ್ಬೇಕು?”

ನಾನು ಬಾಯಿ ತೆರೆದೆ. ಏನಾದರೂ ಹೇಳಬಹುದಿತ್ತು, ಅವನು ನಂಬುತ್ತಿದ್ದ.

“ನಂಗೊತ್ತಿಲ್ಲ ಕಣಪ್ಪ. ನಾನು ಚಪ್ಪಟೆ ನೀರಿನೋನು. ನೀನೇ ಓಗಿ ನೋಡಿ ಕಾಗ್ದ ಬರಿ.”

ನಾಲ್ಕು ತಿಂಗಳಿಗೆ ಕಾಗದ ಬಂತು. ಮೂರು ಪುಟ ತಮಿಳು. ಸೆಲ್ವರಾಜ್ ಓದಿ ಹೇಳಿದ. ಮಕ್ಕಳು ಶಾಲೆಗೆ ಸೇರಿದ್ದಾರೆ, ಮೀನು ಅಗ್ಗ, ಮೈ ಕಪ್ಪಾಗಿದೆ. ಅಲೆಯ ಮೇಲೆ ತಳ ಸಮವಿರುವ ಹಲಗೆ ಮೂತಿ ಚುಚ್ಚಿಕೊಂಡು ಬೀಳುತ್ತದೆ, ಅಲ್ಲಿಗೆ ತಳ ಬಾಗಿರಬೇಕು. ಫಿನ್ನಿನ ಲೆಕ್ಕವೂ ಬೇರೆ. ಬಂದವರನ್ನೆಲ್ಲ ತೂಗಿಯೇ ಹಲಗೆ ಕೊಡುತ್ತಾನಂತೆ. ‘ಆದರೆ ಸಾರ್, ನೀವು ಕಲಿಸಿದ್ದು ಇಲ್ಲಿ ಅರ್ಧ ತಪ್ಪು.’

ಸೆಲ್ವರಾಜ್ ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದ.

“ಆ ಸಾಲು ಇನ್ನೊಂದು ಸಲ ಓದಪ್ಪ,” ಎಂದೆ.